ಇಮ್ಯುನೋಥೆರಪಿಗೆ ಮುಂಚೆ ಹೊಟ್ಟೆ ನೋಡಿಕೊಳ್ಳುವುದು ಹೇಗೆ: ಒಬ್ಬ ಮೆಡಿಕಲ್ ಶಾಪಿನವನ ಪಾಠ

ಅಕ್ಕನ ಕ್ಯಾನ್ಸರಿಗೆ ಇಮ್ಯುನೋಥೆರಪಿ, ಅಂದರೆ ಮೈಯ ಕಾವಲು ಶಕ್ತಿಯನ್ನೇ ಕ್ಯಾನ್ಸರಿನ ಮೇಲೆ ಬಿಡುವ ಚಿಕಿತ್ಸೆ, ಗೊತ್ತಾಗಿತ್ತು. ಮೊದಲ ಇಂಜೆಕ್ಷನ್‌ಗೆ ಇನ್ನೂ 11 ದಿನ ಇತ್ತು. "ಗಂಟಲು ಕೆರೀತಿದೆ ಕಣೋ, ಏನಾದ್ರೂ ಕೊಡು" ಅಂತ ಅಂಗಡಿಗೇ ಬಂದಳು. ತಿಪಟೂರಿನಲ್ಲಿ 31 ವರ್ಷದಿಂದ ಮೆಡಿಕಲ್ ಶಾಪ್ ಇಟ್ಟುಕೊಂಡಿರುವವನು ನಾನು. ಯೋಚನೆ ಮಾಡುವ ಮೊದಲೇ ಕೈ ಮೂರು ಖಾನೆಗೆ ಹೋಗಿತ್ತು. ಅಜಿತ್ರೋಮೈಸಿನ್ 500 ಅನ್ನುವ ಆ್ಯಂಟಿಬಯಾಟಿಕ್. ಗ್ಯಾಸ್ ಆಗದಿರಲಿ ಅಂತ ಪ್ಯಾಂಟೊಪ್ರಜೋಲ್. ಹೊಟ್ಟೆ ಕೆಡದಿರಲಿ ಅಂತ ಒಳ್ಳೆಯ ಬ್ಯಾಕ್ಟೀರಿಯಾ ತುಂಬಿದ ಪ್ರೋಬಯಾಟಿಕ್ ಕ್ಯಾಪ್ಸೂಲ್. ನಮ್ಮ ಕೌಂಟರಿನಲ್ಲಿ ಇದಕ್ಕೆ 'ಸೆಟ್' ಅಂತಲೇ ಹೆಸರು. ಹುಡುಗರಿಗೆ "ಒಂದು ಸೆಟ್ ಕೊಡೋ" ಅಂದರೆ ಸಾಕು.

ಬೆಂಗಳೂರಿನಲ್ಲಿ ಡಾಕ್ಟರು ಫೈಲ್ ತಿರುವಿ ಹಾಕುತ್ತಾ ಕೇಳಿದರು: "ಒಂದು ತಿಂಗಳಲ್ಲಿ ಆ್ಯಂಟಿಬಯಾಟಿಕ್ ಏನಾದರೂ ತಗೊಂಡಿದ್ದೀರಾ ಅಮ್ಮಾ?" ಅಕ್ಕ ನನ್ನ ಕಡೆ ಬೆರಳು ಮಾಡಿ, "ಇವನೇ ಕೊಟ್ಟ" ಅಂದಳು. ಡಾಕ್ಟರು ಬೈಯಲಿಲ್ಲ. ತಾರೀಖು ಕೇಳಿ ಬರೆದುಕೊಂಡರು. "ಇನ್ನು ಮೇಲೆ ನನ್ನನ್ನು ಕೇಳದೆ ಏನೂ ಕೊಡಬೇಡಿ" ಅಂದರು, ಅಷ್ಟೇ. ಬೈದಿದ್ದರೇ ವಾಸಿಯಿತ್ತು.

ಆ ರಾತ್ರಿಯಿಂದ ಕೂತು ಓದಿದೆ. ನಿಮ್ಮ ಮನೆಯಲ್ಲೂ ಯಾರಿಗಾದರೂ ಇಮ್ಯುನೋಥೆರಪಿಗೆ ತಾರೀಖು ಕೊಟ್ಟಿದ್ದರೆ, ಆ ತಾರೀಖಿಗೆ ಮುಂಚೆ ಮತ್ತು ಆಮೇಲೆ ಹೊಟ್ಟೆಯ ವಿಚಾರದಲ್ಲಿ ಏನು ಮಾಡಬೇಕು, ಮುಖ್ಯವಾಗಿ ಏನು ಮಾಡಬಾರದು ಅಂತ ಇಲ್ಲಿ ಬರೆದಿದ್ದೇನೆ. ನಾನು ಡಾಕ್ಟರಲ್ಲ. ಇದನ್ನು ಓದಿ ನಿಮ್ಮ ಡಾಕ್ಟರನ್ನು ಕೇಳಿ.

ಮೊದಲು ಔಷಧಿಯ ಹೆಸರು ನೋಡಿ

ಕ್ಯಾನ್ಸರಿಗೆ ಹಾಕುವ ಎಲ್ಲ ಡ್ರಿಪ್ಪೂ ಇಮ್ಯುನೋಥೆರಪಿ ಅಲ್ಲ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್, ಅಟೆಜೊಲಿಜುಮ್ಯಾಬ್, ಡುರ್ವಾಲುಮ್ಯಾಬ್, ಇಪಿಲಿಮುಮ್ಯಾಬ್ ಇವುಗಳಲ್ಲಿ ಒಂದು ಇದ್ದರೆ ಈ ಬರಹ ನಿಮಗೆ. ಕೊನೆಯಲ್ಲಿ 'ಮ್ಯಾಬ್' ಇದ್ದ ಮಾತ್ರಕ್ಕೆ ಒಂದೇ ಜಾತಿ ಅಂದುಕೊಳ್ಳಬೇಡಿ. ಟ್ರಾಸ್ಟುಜುಮ್ಯಾಬ್, ರಿಟುಕ್ಸಿಮ್ಯಾಬ್ ಕೂಡ ಮ್ಯಾಬ್‌ಗಳೇ, ಆದರೆ ಕೆಲಸ ಬೇರೆ.

ಈ ಔಷಧಿಗಳು ಕ್ಯಾನ್ಸರನ್ನು ನೇರವಾಗಿ ಕೊಲ್ಲುವುದಿಲ್ಲ. ನಮ್ಮ ರಕ್ತದಲ್ಲಿ ಟಿ ಕಣ ಅಂತ ಕಾವಲು ಕಣಗಳಿವೆ. ಅವುಗಳ ಮೈಮೇಲೆ ಪಿಡಿ-1 ಅನ್ನುವ ಗುಂಡಿ ಇದೆ. ಕ್ಯಾನ್ಸರ್ ಕಣ ಅದನ್ನು ಒತ್ತಿ "ಸುಮ್ಮನಿರು" ಅನ್ನುತ್ತದೆ, ಕಾವಲಿನವನು ಸುಮ್ಮನಾಗುತ್ತಾನೆ. ಔಷಧಿ ಹೋಗಿ ಆ ಗುಂಡಿಯನ್ನು ಮುಚ್ಚುತ್ತದೆ, ಇಲ್ಲವೇ ಅದನ್ನು ಒತ್ತುವ ಬೆರಳನ್ನು ತಡೆಯುತ್ತದೆ. ಪಿಡಿ-1 ಕಂಡುಹಿಡಿದದ್ದು ಜಪಾನಿನ ಕ್ಯೋಟೋದಲ್ಲಿ ತಸುಕು ಹೊಂಜೊ ಅವರ ತಂಡ. ಸಿಟಿಎಲ್ಎ-4 ಅನ್ನುವ ಇನ್ನೊಂದು ಗುಂಡಿಯ ಮೇಲೆ ಕೆಲಸ ಮಾಡಿದವರು ಅಮೆರಿಕದ ಜೇಮ್ಸ್ ಆಲಿಸನ್. ಇಬ್ಬರಿಗೂ 2018ರಲ್ಲಿ ನೊಬೆಲ್ ಬಂತು.

ಅಕ್ಕನಿಗೆ ನಾನು ಹೇಳಿದ್ದು ತೋಟದ ನಾಯಿಯ ಕತೆ. ಔಷಧಿ ಅಂದರೆ ನಾಯಿಯ ಸರಪಳಿ ಬಿಚ್ಚುವುದು. ಬಿಚ್ಚಿದರೂ ಅದು ಮೂಲೆಯಲ್ಲಿ ಮಲಗೇ ಇದ್ದರೆ ಕಳ್ಳ ಕಾಯಿ ಹೊತ್ತುಕೊಂಡು ಹೋಗುತ್ತಾನೆ. ನಾಯಿಯನ್ನು ಚುರುಕಾಗಿ ಇಡುವ ಜಾಗಗಳಲ್ಲಿ ಒಂದು ನಮ್ಮ ಕರುಳು. ಅಲ್ಲಿ ಕೋಟ್ಯಂತರ ಬ್ಯಾಕ್ಟೀರಿಯಾ ಇವೆ. ಕಾವಲು ಕಣಗಳಲ್ಲಿ ದೊಡ್ಡ ಪಾಲು ಅಲ್ಲೇ ಸುತ್ತಮುತ್ತ ಇದ್ದು ದಿನವೂ ಅವುಗಳ ಜೊತೆ ಏಗುತ್ತವೆ.

ಇದು ಗೊತ್ತಾದ ಬಗೆ ನನಗೆ ತುಂಬಾ ಹಿಡಿಸಿತು. ಶಿಕಾಗೋ ವಿಶ್ವವಿದ್ಯಾಲಯದಲ್ಲಿ ಥಾಮಸ್ ಗಜೆವ್ಸ್ಕಿ ಅವರ ತಂಡ ಒಂದೇ ತಳಿಯ ಇಲಿಗಳನ್ನು ಎರಡು ಬೇರೆ ಸಪ್ಲೈಯರ್‌ಗಳಿಂದ ತರಿಸಿತ್ತು. ಒಂದು ಕಡೆಯ ಇಲಿಗಳಲ್ಲಿ ಗೆಡ್ಡೆ ಬೇಗ ಬೆಳೆಯಿತು, ಇನ್ನೊಂದು ಕಡೆಯವುಗಳಲ್ಲಿ ನಿಧಾನ. ಎರಡನ್ನೂ ಒಂದೇ ಬೋನಿನಲ್ಲಿ ಇಟ್ಟರು, ವ್ಯತ್ಯಾಸವೇ ಮಾಯ! ಇಲಿಗಳು ಒಂದರ ಹಿಕ್ಕೆ ಇನ್ನೊಂದು ತಿನ್ನುತ್ತವೆ, ಅಲ್ವಾ? ಹೊಟ್ಟೆಯ ಬ್ಯಾಕ್ಟೀರಿಯಾ ಹಂಚಿಕೆಯಾಗಿತ್ತು. ಹುಡುಕಿದಾಗ, ಗೆಡ್ಡೆ ನಿಧಾನವಾಗಿದ್ದ ಇಲಿಗಳಲ್ಲಿ ಸಿಕ್ಕಿದ್ದು ಬೈಫಿಡೊಬ್ಯಾಕ್ಟೀರಿಯಂ ಅನ್ನುವ ಬ್ಯಾಕ್ಟೀರಿಯಾ. ಇದು ಪ್ರಕಟವಾದದ್ದು 2015ರಲ್ಲಿ. ಅದೇ ವರ್ಷ ಪ್ಯಾರಿಸ್ ಪಕ್ಕದ ಗುಸ್ತಾವ್ ರೂಸಿ ಆಸ್ಪತ್ರೆಯ ಲಾರೆನ್ಸ್ ಝಿಟ್ವೊಗೆಲ್ ಅವರ ತಂಡವೂ ಇಂಥದ್ದನ್ನೇ ಹೇಳಿತು. ಕರುಳಿನಲ್ಲಿ ಬ್ಯಾಕ್ಟೀರಿಯಾ ಇಲ್ಲದ ಇಲಿಗಳಿಗೆ ಸಿಟಿಎಲ್ಎ-4 ತಡೆಯುವ ಔಷಧಿ ಕೊಟ್ಟರೆ ನಾಟಲೇ ಇಲ್ಲ ಅಂತ. ಒಂದೇ ಮಾಲು ಎರಡು ಸಪ್ಲೈಯರ್‌ಗಳಿಂದ ಬಂದರೆ ಒಂದೇ ಥರ ಇರಲ್ಲ ಅಂತ ಅಂಗಡಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಿಜ್ಞಾನಿಗಳಿಗೆ ಅದು ಇಲಿಯಿಂದ ಗೊತ್ತಾಯಿತು.

ಕೆಂಪು ಗೆರೆಯ ಸ್ಟ್ರಿಪ್

ಈಗ ಕೆಲಸಕ್ಕೆ ಬರೋಣ. ಒಂದು ಹಾಳೆ ತಗೊಳ್ಳಿ. ಹಿಂದಿನ ಎರಡು ತಿಂಗಳಲ್ಲಿ ರೋಗಿ ನುಂಗಿದ್ದೆಲ್ಲವನ್ನೂ ತಾರೀಖಿನ ಸಮೇತ ಬರೆಯಿರಿ. ನೆನಪಿಲ್ಲದಿದ್ದರೆ ಮನೆಯಲ್ಲಿರುವ ಖಾಲಿ ಸ್ಟ್ರಿಪ್ಪುಗಳನ್ನೆಲ್ಲ ಕವರಿಗೆ ತುಂಬಿ ಡಾಕ್ಟರ ಮುಂದೆ ಸುರಿಯಿರಿ. ನಾಚಿಕೆ ಬೇಡ. ಸ್ಟ್ರಿಪ್ಪಿನ ಹಿಂಬದಿಯಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ ಇದ್ದರೆ ಅದು ಡಾಕ್ಟರ ಚೀಟಿ ಇಲ್ಲದೆ ಕೊಡಬಾರದ ಮಾತ್ರೆ. ಆ್ಯಂಟಿಬಯಾಟಿಕ್‌ಗಳನ್ನು ಜನ ಸುಮ್ಮಸುಮ್ಮನೆ ನುಂಗಬಾರದು ಅಂತ 2016ರಲ್ಲಿ ಸರ್ಕಾರ ಈ ಗೆರೆಯ ಬಗ್ಗೆ ಪ್ರಚಾರ ಮಾಡಿತ್ತು. ಬೇರೆ ಮಾತ್ರೆಗಳ ಮೇಲೂ ಈ ಗೆರೆ ಇರುತ್ತದೆ. ಹಾಗಾಗಿ ಗೆರೆ ಕಂಡರೆ ಹೆಸರನ್ನೂ ಓದಿ. ಗೆರೆ ಇದ್ದೂ ನಮ್ಮಂಥವರು ಕೊಡುತ್ತೇವೆ, ಅದು ಬೇರೆ ಮಾತು.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಈ ಇಡೀ ವಿಷಯದಲ್ಲಿ ಮತ್ತೆ ಮತ್ತೆ ಕಂಡುಬಂದಿರುವುದು ಆ್ಯಂಟಿಬಯಾಟಿಕ್‌ನ ಸಂಬಂಧವೇ. 2018ರಲ್ಲಿ ಝಿಟ್ವೊಗೆಲ್ ತಂಡ ಶ್ವಾಸಕೋಶ, ಮೂತ್ರಪಿಂಡ, ಮೂತ್ರನಾಳದ ಕ್ಯಾನ್ಸರಿನ 249 ರೋಗಿಗಳ ಲೆಕ್ಕ ಕೊಟ್ಟಿತು. ಅವರಲ್ಲಿ 69 ಮಂದಿ ಇಮ್ಯುನೋಥೆರಪಿ ಶುರುವಾಗುವ ಆಸುಪಾಸಿನಲ್ಲಿ ಹಲ್ಲಿಗೋ ಮೂತ್ರದ ಸೋಂಕಿಗೋ ಆ್ಯಂಟಿಬಯಾಟಿಕ್ ತಗೊಂಡಿದ್ದರು. ಅವರಲ್ಲಿ ಕಾಯಿಲೆ ಬೇಗ ಮರಳಿತು, ಬದುಕಿದ ಕಾಲವೂ ಕಡಿಮೆ. 2019ರಲ್ಲಿ ಲಂಡನ್ನಿನ ಡಾಕ್ಟರುಗಳು 196 ರೋಗಿಗಳನ್ನು ನೋಡಿದರು. ಇಂಜೆಕ್ಷನ್‌ಗೆ ಹಿಂದಿನ 30 ದಿನದಲ್ಲಿ ಆ್ಯಂಟಿಬಯಾಟಿಕ್ ತಗೊಂಡವರು ಬದುಕಿದ ಮಧ್ಯದ ಅವಧಿ (ಅರ್ಧ ಜನ ಅದಕ್ಕಿಂತ ಹೆಚ್ಚು, ಅರ್ಧ ಜನ ಕಡಿಮೆ ಬದುಕಿದ ಕಾಲ) 2 ತಿಂಗಳು, ತಗೊಳ್ಳದವರದು 26 ತಿಂಗಳು. ಇಂಜೆಕ್ಷನ್ ಶುರುವಾದ ಮೇಲೆ ತಗೊಂಡವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ಮೊದಲ ಇಂಜೆಕ್ಷನ್‌ಗೆ ಮುಂಚಿನ ತಿಂಗಳೇ ಸೂಕ್ಷ್ಮ.

ಆ 2 ಮತ್ತು 26 ನೋಡಿ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಸಮಾಧಾನವಾಗಿ ಹೇಳಿದ್ದು ಇಷ್ಟು: ಆ್ಯಂಟಿಬಯಾಟಿಕ್ ಬೇಕಾಗುವುದು ಹೆಚ್ಚಾಗಿ ಜಾಸ್ತಿ ಹುಷಾರಿಲ್ಲದವರಿಗೆ. ಜಾಸ್ತಿ ಹುಷಾರಿಲ್ಲದವರು ಹೇಗೂ ಬೇಗ ಸೋಲುತ್ತಾರೆ. ಹಾಗಾಗಿ ಎಲ್ಲವೂ ಮಾತ್ರೆಯ ತಪ್ಪೇ ಅಂತ ಹೇಳಲಾಗದು. ಆದರೆ ಎಲ್ಲವೂ ಕಾಕತಾಳೀಯ ಅಂತಲೂ ಅಲ್ಲ. 2023ರಲ್ಲಿ ಅದೇ ಫ್ರೆಂಚ್ ತಂಡ ಒಂದು ದಾರಿ ತೋರಿಸಿತು. ಕರುಳಿನ ಗೋಡೆಯಲ್ಲಿ ಮ್ಯಾಡ್‌ಕ್ಯಾಮ್-1 ಅನ್ನುವ ಒಂದು ಕೊಂಡಿ ಇದೆ. ನಾಯಿಗಳನ್ನು ಸುಮ್ಮನಿರಿಸುವ ಕೆಲವು ಟಿ ಕಣಗಳನ್ನು ಅದು ಕರುಳಿನಲ್ಲೇ ಹಿಡಿದಿಟ್ಟಿರುತ್ತದೆ. ಆ್ಯಂಟಿಬಯಾಟಿಕ್ ಬಿದ್ದಾಗ ಕೊಂಡಿ ಸಡಿಲ. ಆ ಕಣಗಳು ಹೊರಟು ಗೆಡ್ಡೆಗೆ ಹೋಗಿ ಕೂರುತ್ತವೆ. ಅಲ್ಲಿ ಬೊಗಳಬೇಕಾದ ನಾಯಿಗೆ ಅವು "ಶ್" ಅನ್ನುತ್ತವೆ.

ಹಾಗಾದರೆ ಮಾಡಬೇಕಾದ್ದೇನು? ಶೀತ, ನೆಗಡಿ, ಗಂಟಲು ಕೆರೆತಕ್ಕೆ ಅಂಗಡಿಯಿಂದ ಆ್ಯಂಟಿಬಯಾಟಿಕ್ ತರಬೇಡಿ. ಅವು ಹೆಚ್ಚಾಗಿ ವೈರಸ್ಸಿಂದ ಬರುವಂಥವು, ಆ ಮಾತ್ರೆಗೆ ಜಗ್ಗುವುದೂ ಇಲ್ಲ. ಹಲ್ಲು ಕೀಳಿಸುವುದಿದ್ದರೆ ತಾರೀಖು ಗೊತ್ತಾದ ಕೂಡಲೇ ಕ್ಯಾನ್ಸರ್ ಡಾಕ್ಟರಿಗೆ ಹೇಳಿ. ಹಲ್ಲಿನ ಡಾಕ್ಟರು ಆ್ಯಂಟಿಬಯಾಟಿಕ್ ಕೋರ್ಸ್ ಬರೆಯಬಹುದು, ಇಬ್ಬರೂ ಮಾತಾಡಿಕೊಳ್ಳಲಿ.

ಇದರ ಇನ್ನೊಂದು ಮಗ್ಗುಲು ಇನ್ನೂ ಮುಖ್ಯ. ಜ್ವರ ಬಂದರೆ, ಚಳಿ ನಡುಕ ಬಂದರೆ, ನಿಜವಾದ ಸೋಂಕು ಅಂತ ಡಾಕ್ಟರು ಹೇಳಿದರೆ, ಆ್ಯಂಟಿಬಯಾಟಿಕ್ ತಗೊಳ್ಳಲೇಬೇಕು, ಕೋರ್ಸ್ ಪೂರ್ತಿ. ನಮ್ಮ ಊರಿನ ಒಬ್ಬರು ನನ್ನ ಮಾತು ಅರ್ಧ ಕೇಳಿಸಿಕೊಂಡು, "ಆ್ಯಂಟಿಬಯಾಟಿಕ್ ತಗೊಂಡರೆ ಇಮ್ಯುನೋ ಕೆಲಸ ಮಾಡಲ್ಲ" ಅಂತ ಎರಡು ದಿನ ಜ್ವರ ಇಟ್ಟುಕೊಂಡು ಮನೆಯಲ್ಲೇ ಕೂತಿದ್ದರು. ಕೀಮೋ ಜೊತೆಗೆ ಇಮ್ಯುನೋ ನಡೆಯುವಾಗ ಜ್ವರ ಅಂದರೆ ಅದೇ ಗಂಟೆಯಲ್ಲಿ ಆಸ್ಪತ್ರೆ. ಕರುಳಿನ ಬ್ಯಾಕ್ಟೀರಿಯಾ ಉಳಿಸಲು ಹೋಗಿ ಮನುಷ್ಯರನ್ನೇ ಕಳೆದುಕೊಳ್ಳುವುದುಂಟೇ! ಹಾಗೇ, ಈಗಾಗಲೇ ತಗೊಂಡುಬಿಟ್ಟಿದ್ದರೆ ನೀವಾಗಿ ಇಂಜೆಕ್ಷನ್ ಮುಂದೂಡಬೇಡಿ. ಹೇಳಿ, ಬರೆಸಿ, ಮುಂದೆ ನಡೆಯಿರಿ. ಅಕ್ಕನ ತಾರೀಖೂ ಬದಲಾಗಲಿಲ್ಲ.

ಸೆಟ್ಟಿನ ಉಳಿದೆರಡು

ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್, ರಾಬೆಪ್ರಜೋಲ್. ಬೆಳಿಗ್ಗೆ ಕಾಫಿಗಿಂತ ಮುಂಚೆ ಇದನ್ನು ನುಂಗುವ ಮನೆಗಳು ನಮ್ಮೂರಲ್ಲಿ ನೂರಾರು. ಹೊಟ್ಟೆಯ ಆಮ್ಲ ಕಡಿಮೆಯಾದರೆ ಬಾಯಿಯಲ್ಲಿರಬೇಕಾದ ಬ್ಯಾಕ್ಟೀರಿಯಾ ಕರುಳಿಗಿಳಿದು ಸಂಸಾರ ಹೂಡುತ್ತವೆ. ಇದನ್ನು ತಗೊಳ್ಳುವವರಲ್ಲಿ ಇಮ್ಯುನೋಥೆರಪಿ ಅಷ್ಟು ಚೆನ್ನಾಗಿ ನಾಟಲಿಲ್ಲ ಅಂತ ಹಲವು ಅಧ್ಯಯನಗಳಲ್ಲಿ ಕಂಡಿದೆ, ಕೆಲವದರಲ್ಲಿ ಕಂಡಿಲ್ಲ. ಆ್ಯಂಟಿಬಯಾಟಿಕ್‌ನಷ್ಟು ಗಟ್ಟಿ ಸಾಕ್ಷಿ ಅಲ್ಲ. ನಾನು ಹೇಳುವುದು ಒಂದೇ: "ಇದು ನನಗೆ ಯಾಕೆ ಬರೆದಿದ್ದು, ಇನ್ನೂ ಬೇಕಾ?" ಅಂತ ಡಾಕ್ಟರನ್ನು ಕೇಳಿ. ನೀವಾಗಿ ಪಟ್ಟನೆ ನಿಲ್ಲಿಸಬೇಡಿ. ವರ್ಷಗಟ್ಟಲೆ ನುಂಗಿದವರು ಒಮ್ಮೆಲೇ ಬಿಟ್ಟರೆ ಎದೆ ಉರಿ ದುಪ್ಪಟ್ಟಾಗಿ ಬರುತ್ತದೆ. ಸ್ಟೀರಾಯ್ಡ್ ಅಥವಾ ನೋವಿನ ಮಾತ್ರೆ ನಡೆಯುತ್ತಿದ್ದರೆ ಹೊಟ್ಟೆಯಲ್ಲಿ ರಕ್ತಸ್ರಾವ ಆಗದಿರಲಿ ಅಂತ ಬೇಕೆಂದೇ ಬರೆದಿರಬಹುದು. ಅಕ್ಕನಿಗೆ ಬೇಕಾಗಿರಲಿಲ್ಲ. ಡಾಕ್ಟರು ಹೇಳಿದ ಹಾಗೆ ಹಂತ ಹಂತವಾಗಿ ಬಿಡಿಸಿದೆವು.

ಪ್ರೋಬಯಾಟಿಕ್ ವಿಚಾರ ಓದಿದಾಗ ನನಗೇ ಆಶ್ಚರ್ಯವಾಯಿತು. ಒಳ್ಳೆಯ ಬ್ಯಾಕ್ಟೀರಿಯಾ ಬೇಕು ಅಂದಮೇಲೆ ಒಳ್ಳೆಯ ಬ್ಯಾಕ್ಟೀರಿಯಾ ನುಂಗಿದರಾಯಿತು, ಅಲ್ವಾ? ಹಾಗಂದುಕೊಂಡೇ ಇಷ್ಟು ವರ್ಷ ಮಾರಿದ್ದೆ. 2018ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು ಆರೋಗ್ಯವಂತರಿಗೆ ಆ್ಯಂಟಿಬಯಾಟಿಕ್ ಕೊಟ್ಟು, ಆಮೇಲೆ ಕೆಲವರಿಗೆ 11 ತಳಿಗಳ ಪ್ರೋಬಯಾಟಿಕ್ ಕೊಟ್ಟರು, ಕೆಲವರನ್ನು ಹಾಗೇ ಬಿಟ್ಟರು. ಹಾಗೇ ಬಿಟ್ಟವರ ಕರುಳು ಬೇಗ ಮೊದಲಿನಂತಾಯಿತು. ಪ್ರೋಬಯಾಟಿಕ್ ತಗೊಂಡವರಲ್ಲಿ ಹೊರಗಿಂದ ಬಂದ ನೆಂಟರು ಜಾಗ ಹಿಡಿದು ಮನೆಯವರನ್ನು ಒಳಗೆ ಬಿಡಲಿಲ್ಲ. 2021ರಲ್ಲಿ ಹ್ಯೂಸ್ಟನ್ನಿನ ಎಂ.ಡಿ. ಆ್ಯಂಡರ್ಸನ್ ಕ್ಯಾನ್ಸರ್ ಕೇಂದ್ರದ ಜೆನಿಫರ್ ವಾರ್ಗೊ ಅವರ ತಂಡ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರಿನ ರೋಗಿಗಳನ್ನು ನೋಡಿದಾಗಲೂ ಹೆಚ್ಚು ಚೆನ್ನಾಗಿದ್ದವರು ನಾರು ಸಾಕಷ್ಟು ತಿಂದು ಪ್ರೋಬಯಾಟಿಕ್ ತಗೊಳ್ಳದವರು.

ಕ್ಲಾಸ್ಟ್ರಿಡಿಯಂ ಬ್ಯುಟಿರಿಕಮ್ ಅನ್ನುವ ಬ್ಯಾಕ್ಟೀರಿಯಾದ ಒಂದು ತಳಿಯನ್ನು ಇಮ್ಯುನೋಥೆರಪಿ ಜೊತೆ ಕೊಟ್ಟು 30 ಮೂತ್ರಪಿಂಡದ ಕ್ಯಾನ್ಸರ್ ರೋಗಿಗಳಿದ್ದ ಅಧ್ಯಯನದಲ್ಲಿ ಒಳ್ಳೆಯ ಫಲ ಕಂಡಿದ್ದಾರೆ, 2022ರಲ್ಲಿ. ಆದರೆ ಅದು ಪ್ರಯೋಗ, ಅಳೆದು ಆರಿಸಿದ ಒಂದು ತಳಿ. ನನ್ನ ಕೌಂಟರಿನ ಡಬ್ಬಿಯಲ್ಲಿರುವುದು ಲ್ಯಾಕ್ಟೊಬ್ಯಾಸಿಲಸ್ ಮಿಶ್ರಣ, ಇಲ್ಲವೇ ಬ್ಯಾಸಿಲಸ್ ಕ್ಲಾಸಿಯೈ ಬೀಜಕಗಳ ಸಣ್ಣ ಬಾಟಲಿ. ಆ ತಳಿಗೂ ಇವಕ್ಕೂ ಸಂಬಂಧ ಇಲ್ಲ. ಡಾಕ್ಟರು ಬರೆಯದಿದ್ದರೆ ಆ ದುಡ್ಡಿಗೆ ಹಣ್ಣು ತಗೊಳ್ಳಿ. ಮೆಡಿಕಲ್ ಶಾಪಿನವನೇ ಹೇಳುತ್ತಿದ್ದಾನೆ.

ಊಟ

ಇಲ್ಲಿ ನಮ್ಮ ಕಡೆಯವರಿಗೆ ಲಾಭವಿದೆ. ವಾರ್ಗೊ ತಂಡದ ಅದೇ ಅಧ್ಯಯನದಲ್ಲಿ 128 ರೋಗಿಗಳ ಊಟದ ವಿವರ ಕೇಳಿದ್ದರು. ದಿನಕ್ಕೆ ಕನಿಷ್ಠ 20 ಗ್ರಾಂ ನಾರು ತಿಂದವರ ಕಾಯಿಲೆ ನಿಧಾನವಾಗಿತ್ತು. ನಾರು 5 ಗ್ರಾಂ ಹೆಚ್ಚಿದಂತೆಲ್ಲ ಕಾಯಿಲೆ ಮುಂದುವರಿಯುವ ಅಥವಾ ಸಾಯುವ ಅಪಾಯ 30% ಕಡಿಮೆಯಾದಂತೆ ಕಂಡಿತು. ಇದೂ ಕಂಡದ್ದು ಮಾತ್ರ, ಊಟವೇ ಕಾರಣ ಅಂತ ಸಾಬೀತಾಗಿಲ್ಲ. ಆದರೆ ಮುದ್ದೆ ತಿಂದು ಕೆಟ್ಟವರನ್ನು ನಾನು ನೋಡಿಲ್ಲ.

ನಾರು ನಮಗೆ ಅರಗುವುದಿಲ್ಲ, ಕರುಳಿನ ಬ್ಯಾಕ್ಟೀರಿಯಾಕ್ಕೆ ಅದೇ ಊಟ. ಅವು ಅದನ್ನು ಹುದುಗಿಸಿ ಬ್ಯುಟಿರೇಟ್‌ನಂಥ ಆಮ್ಲ ಮಾಡುತ್ತವೆ. ಕರುಳಿನ ಗೋಡೆಗೆ, ಕಾವಲು ಕಣಗಳಿಗೆ ಅದು ಬೇಕು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಕೊಟ್ಟ ಪಟ್ಟಿ ಹಿಡಿದು ಅಕ್ಕನ ತಟ್ಟೆಯ ಲೆಕ್ಕ ಹಾಕಿದೆ. 100 ಗ್ರಾಂ ರಾಗಿಯಲ್ಲಿ 11 ಗ್ರಾಂ ನಾರು, ಜೋಳದಲ್ಲಿ 10. ಬಿಳಿ ಅಕ್ಕಿಯಲ್ಲಿ 3 ಕೂಡ ಇಲ್ಲ. 100 ಗ್ರಾಂ ಹಿಟ್ಟಿನ ಒಂದು ಮುದ್ದೆಗೆ 11 ಆಯಿತು. ಸಾರಿಗೆ ಒಂದು ಹಿಡಿ ಇಡೀ ಹೆಸರುಕಾಳು, ಅಂದರೆ 30 ಗ್ರಾಂ, ಅದರಲ್ಲಿ 5. ಒಂದು ಸೀಬೆಹಣ್ಣಿನಲ್ಲಿ 8 ಆಸುಪಾಸು. ಅಲ್ಲಿಗೇ 24. ಸೊಪ್ಪು, ತರಕಾರಿ ಲೆಕ್ಕಕ್ಕೇ ತಗೊಂಡಿಲ್ಲ. ಕಾಬೂಲಿ ಅಲ್ಲದ ನಮ್ಮ ಕಪ್ಪು ಕಡಲೆಕಾಳು ಇದ್ದರೆ ಇನ್ನೂ ಮೇಲು, 100 ಗ್ರಾಮಿಗೆ 25. ಅದಕ್ಕಾಗಿ ಓಟ್ಸ್, ವಿದೇಶಿ ಬೀಜ, ಡಬ್ಬಿ ಪುಡಿ ಯಾವುದೂ ಬೇಕಿಲ್ಲ.

ಎರಡು ಕಿವಿಮಾತು. ಹಿಟ್ಟನ್ನು ತೆಳು ಬಟ್ಟೆಯಲ್ಲಿ ಸೋಸಬೇಡಿ. ನಮ್ಮನೆಯಲ್ಲಿ ಮುದ್ದೆ ನುಣುಪಾಗಲಿ ಅಂತ ವಸ್ತ್ರಗಾಳಿ ಮಾಡುತ್ತಿದ್ದರು, ಬೇಕಾದ್ದೇ ಹಸುವಿನ ಬಾನಿಗೆ ಹೋಗುತ್ತಿತ್ತು. ಇನ್ನೊಂದು, ದಿನಾ ಅನ್ನ ತಿನ್ನುತ್ತಿದ್ದವರಿಗೆ ನಾಳೆಯಿಂದಲೇ ಎರಡು ಮುದ್ದೆ ಹಾಕಬೇಡಿ, ಹೊಟ್ಟೆ ಉಬ್ಬರಿಸುತ್ತದೆ. ಎರಡು ವಾರದಲ್ಲಿ ನಿಧಾನವಾಗಿ ಏರಿಸಿ, ನೀರು ಜಾಸ್ತಿ ಕುಡಿಸಿ. ಕರುಳಿನ ಆಪರೇಷನ್ ಆಗಿದ್ದರೆ, ಗೆಡ್ಡೆಯಿಂದ ದಾರಿ ಇಕ್ಕಟ್ಟಾಗಿದ್ದರೆ, ನುಂಗಲು ಕಷ್ಟವಿದ್ದರೆ ಈ ಲೆಕ್ಕ ನಿಮಗಲ್ಲ. ತೂಕ ಇಳಿಯುತ್ತಿದ್ದರೆ ನಾರಿಗಿಂತ ಮೊದಲು ಮೊಟ್ಟೆ, ಬೇಳೆ, ಹಾಲು.

ಮನೆಯಲ್ಲಿ ಹೆಪ್ಪು ಹಾಕಿದ ಮೊಸರು, ಮಜ್ಜಿಗೆ ಅಕ್ಕ ಬಿಡಲಿಲ್ಲ, ಡಾಕ್ಟರೂ ಬೇಡ ಅನ್ನಲಿಲ್ಲ. ಬಿಳಿ ರಕ್ತಕಣ ಕಡಿಮೆ ಇದ್ದ ವಾರಗಳಲ್ಲಿ ಕೇಳಿ ತಗೊಳ್ಳಿ.

ಭೇದಿ ಶುರುವಾದರೆ

ಮೂರನೆಯ ಇಂಜೆಕ್ಷನ್ ಆಗಿ ಹತ್ತು ದಿನಕ್ಕೆ ಅಕ್ಕ ಒಂದೇ ರಾತ್ರಿ ಐದು ಸಲ ಎದ್ದಳು. ಬೆಳಿಗ್ಗೆ ಫೋನ್. "ಅಂಗಡೀಲಿ ಕೊಡ್ತಿಯಲ್ಲ, ಆ ಭೇದಿ ಮಾತ್ರೆ ಎರಡು ಕಳಿಸೋ." ಓಫ್ಲೊಕ್ಸಸಿನ್-ಆರ್ನಿಡಜೋಲ್ ಜೋಡಿ ಕೇಳುತ್ತಿದ್ದಳು. ಅದು ಒಂದರೊಳಗೆ ಎರಡು ಆ್ಯಂಟಿಬಯಾಟಿಕ್. ಸಾಲದ್ದಕ್ಕೆ ರೋಗವೇ ಬೇರೆ.

ಸರಪಳಿ ಬಿಚ್ಚಿದ ನಾಯಿ ಕೆಲವು ಸಲ ಮನೆಯವರಿಗೇ ಕಚ್ಚುತ್ತದೆ. ಕಾವಲು ಕಣಗಳು ಸ್ವಂತ ಕರುಳಿನ ಮೇಲೇ ಬೀಳುವುದಕ್ಕೆ ಕೊಲೈಟಿಸ್ ಅನ್ನುತ್ತಾರೆ. ಊಟ ಹೆಚ್ಚುಕಡಿಮೆಯಾಗಿ ಬಂದ ಭೇದಿಯಲ್ಲ ಅದು. ಮಾಮೂಲಿಗಿಂತ ದಿನಕ್ಕೆ ನಾಲ್ಕು ಸಲ ಜಾಸ್ತಿ ಹೋದರೆ, ರಕ್ತ ಅಥವಾ ಲೋಳೆ ಕಂಡರೆ, ಹೊಟ್ಟೆ ಹಿಂಡಿದರೆ, ಬೆಳಗಾಗುವ ತನಕ ಕಾಯದೆ ಆಸ್ಪತ್ರೆಯ ನಂಬರಿಗೆ ಫೋನ್ ಮಾಡಿ. ಅಂಗಡಿಯಿಂದ ಭೇದಿ ನಿಲ್ಲಿಸುವ ಮಾತ್ರೆ ನುಂಗಿ ಮುಚ್ಚಿಡಬೇಡಿ. ಯಾವ ಆಸ್ಪತ್ರೆಗೆ ಹೋದರೂ "ಇಮ್ಯುನೋಥೆರಪಿ ನಡೀತಿದೆ" ಅನ್ನುವುದು ಮೊದಲ ಮಾತಾಗಿರಲಿ. ಕೀಮೋ ಅಂತ ತಪ್ಪು ಹೇಳಿದರೆ ಚಿಕಿತ್ಸೆಯ ದಾರಿಯೇ ತಪ್ಪುತ್ತದೆ. ಆ ದಿನಗಳಲ್ಲಿ ಮುದ್ದೆ, ಕಾಳು, ಸೊಪ್ಪು ನಿಲ್ಲಿಸಿ ಗಂಜಿ ಕೊಡಿ.

ಅಕ್ಕನಿಗೆ ಸ್ಟೀರಾಯ್ಡ್ ಕೊಟ್ಟರು, ಇಂಜೆಕ್ಷನ್ ಸ್ವಲ್ಪ ದಿನ ನಿಲ್ಲಿಸಿದರು. ವಾರದಲ್ಲಿ ಹಿಡಿತಕ್ಕೆ ಬಂತು. ಆಗ ಪ್ಯಾಂಟೊಪ್ರಜೋಲ್ ವಾಪಸ್ ಬಂತು, ಈ ಸಲ ಕಾರಣ ಇತ್ತು.

ಮಲ ಕಸಿ, ಮಲ ಪರೀಕ್ಷೆ

ಇದನ್ನು ಕೇಳಿ ಅಕ್ಕ "ಥೂ" ಅಂದಳು. ಆದರೂ ನಿಜ. ಇಮ್ಯುನೋಥೆರಪಿ ಫಲಿಸಿದವರ ಮಲವನ್ನು ಶುದ್ಧಮಾಡಿ ಫಲಿಸದವರ ಕರುಳಿಗೆ ಹಾಕಿ, ಮತ್ತೆ ಅದೇ ಔಷಧಿ ಕೊಟ್ಟು ನೋಡಿದ್ದಾರೆ. 2021ರಲ್ಲಿ ಇಸ್ರೇಲಿನ ಶೇಬಾ ಆಸ್ಪತ್ರೆಯಲ್ಲಿ 10 ಮೆಲನೋಮ ರೋಗಿಗಳಲ್ಲಿ 3 ಮಂದಿಗೆ, ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ 15ರಲ್ಲಿ 6 ಮಂದಿಗೆ ಉಪಯೋಗವಾಯಿತು. 2023ರಲ್ಲಿ ಕೆನಡಾದವರು ಆರೋಗ್ಯವಂತರ ಮಲ ಬಳಸಿ, 20 ಜನರಲ್ಲಿ 13 ಮಂದಿಯ ಗೆಡ್ಡೆ ಕುಗ್ಗಿದ್ದನ್ನು ವರದಿ ಮಾಡಿದರು. ಸಣ್ಣ ಪ್ರಯೋಗಗಳು, ಆದರೆ ಆಸೆ ಹುಟ್ಟಿಸುವಂಥವು. ಆದರೆ 2019ರಲ್ಲಿ ಅಮೆರಿಕದಲ್ಲಿ ಸರಿಯಾಗಿ ಪರೀಕ್ಷಿಸದ ಮಲದಿಂದ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಹತ್ತಿ ಒಬ್ಬರು ಸತ್ತಿದ್ದಾರೆ. ಪ್ರಯೋಗದ ಒಳಗೆ ಬಿಟ್ಟರೆ ಬೇರೆಲ್ಲೂ ಇದಕ್ಕೆ ಕೈ ಹಾಕಬೇಡಿ.

ಮಲ ಪರೀಕ್ಷೆಯ ಕಿಟ್ ತರಿಸಿ 'ಒಳ್ಳೆ ಬ್ಯಾಕ್ಟೀರಿಯಾ ಎಷ್ಟಿದೆ' ನೋಡುವ ಆಸೆ ನನಗೂ ಬಂದಿತ್ತು. ಆದರೆ 2018ರಲ್ಲಿ ಒಟ್ಟಿಗೆ ಬಂದ ಮೂರು ಅಧ್ಯಯನಗಳಲ್ಲೇ ಒಳ್ಳೆಯ ಬ್ಯಾಕ್ಟೀರಿಯಾಗಳ ಪಟ್ಟಿ ಬೇರೆ ಬೇರೆ. ಪ್ಯಾರಿಸ್ಸಿನವರಿಗೆ ಅಕ್ಕರ್ಮ್ಯಾನ್ಸಿಯಾ, ಹ್ಯೂಸ್ಟನ್ನಿನವರಿಗೆ ಫೀಕಲಿಬ್ಯಾಕ್ಟೀರಿಯಂ, ಶಿಕಾಗೋದವರಿಗೆ ಬೈಫಿಡೊಬ್ಯಾಕ್ಟೀರಿಯಂ ಲಾಂಗಮ್. ಅವರ ಊಟ ಬೇರೆ, ನಮ್ಮ ಊಟ ಬೇರೆ. ರಿಪೋರ್ಟಿನಲ್ಲಿ ಒಂದು ಹೆಸರು ಇಲ್ಲ ಅಂತ ಹೆದರಿ ಕೂರುವುದಕ್ಕೆ ಸಾವಿರಾರು ರೂಪಾಯಿ ಕೊಡಬೇಕಾ? ಬಿಟ್ಟುಬಿಟ್ಟೆ.

ಈಗ ಅಂಗಡಿಯ ಕೌಂಟರಿನ ಮೇಲೆ ಒಂದು ರಟ್ಟು ಇಟ್ಟಿದ್ದೇನೆ: 'ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಚಿಕಿತ್ಸೆ ನಡೀತಿದೆಯಾ? ಮೊದಲು ಹೇಳಿ.' ಸೆಟ್ ಕೊಡುವುದು ನಿಲ್ಲಿಸಿದ್ದೇನೆ. ವ್ಯಾಪಾರ ಸ್ವಲ್ಪ ಇಳಿದಿದೆ, ಎದುರಿನ ಅಂಗಡಿಯವನದು ಏರಿದೆ.

ಅಕ್ಕನ ಈಚಿನ ಸ್ಕ್ಯಾನಿನಲ್ಲಿ ಗೆಡ್ಡೆ ಚಿಕ್ಕದಾಗಿದೆ. "ಮುದ್ದೆಯಿಂದ ಇಳೀತೇನೋ?" ಅಂತ ಕೇಳಿದಳು. ಔಷಧಿಯಿಂದ ಕಣಕ್ಕ ಅಂದೆ. "ಹಾಗಾದ್ರೆ ಭಾನುವಾರ ಅನ್ನ ಮಾಡ್ತೀನಿ ಬಿಡು" ಅಂದಳು. ಮಾಡು, ಜೊತೆಗೆ ಹುರುಳಿ ಸಾರು ಇರಲಿ ಅಂದೆ.